ಹನ್ನೊಂದು ಕಿಲೋ ನಾನೂರು ಗ್ರಾಂ

ನಮ್ಮಣ್ಣನಿಗೆ ಗಾಳದ ಹುಚ್ಚು ಯಾವಾಗ ಹಿಡಿಯಿತೋ ನನಗೆ ನೆನಪಿಲ್ಲ. ಆ ಹುಚ್ಚು ಹಟಕ್ಕೆ ತಿರುಗಿದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಹತ್ತೊಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಅದು. ಅವತ್ತು ನನ್ನ ಗಂಡ ಅಣ್ಣನದೇ ಗಾಳದ ಕೋಲು ಹಿಡಿದು, ಅಣ್ಣ ಕೂರುವ ಕಲ್ಲಿನ ಮೇಲೇ ಕೂತು, ಅಣ್ಣ ನಾದಿಟ್ಟ ಹಿಟ್ಟಿನ ಉಂಡೆಯನ್ನೇ ಕೊಕ್ಕೆಗೆ ಸಿಕ್ಕಿಸಿ, ಹನ್ನೊಂದು ಕಿಲೋ ನಾನೂರು ಗ್ರಾಂ ತೂಗುವ ಗೆಂಡೆ ಮೀನನ್ನು ದಡಕ್ಕೆ ಎಳೆದರು. ಅವರು ಗಾಳ ಹಿಡಿದ ಮೊದಲ ದಿನ ಅದು. ಕೊನೆಯ ದಿನವೂ ಅದೇ.

"ಒಂದ್ಸಲ ಹಿಡಿದಾಯ್ತಲ್ಲ, ಇನ್ನೇನಿದೆ ಅದರಲ್ಲಿ?" ಎಂದು ಕೈತೊಳೆದುಕೊಂಡುಬಿಟ್ಟರು ನಮ್ಮನೆಯವರು. ಅವರದು ಡ್ರೈವಿಂಗ್ ಸ್ಕೂಲು. ಕಲಿಯಲು ಬಂದವರಿಗೆಲ್ಲ ಕ್ಲಚ್ಚು, ಗೇರಿನ ಜೊತೆಗೆ ಆ ಮೀನಿನ ಕಥೆಯನ್ನೂ ಹೇಳಿಕೊಡುತ್ತಾರೆ. ಮೀನು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿರುವ ಅವರ ಫೋಟೋ ಒಂದು ನಮ್ಮ ಮನೆಯ ಹಾಲ್‌ನಲ್ಲಿತ್ತು, ಇನ್ನೊಂದು ಗಾಳದ ಕ್ಲಬ್ಬಿನ ಗೋಡೆಯ ಮೇಲಿತ್ತು. ಕ್ಲಬ್ಬಿನಲ್ಲಿ ಆ ಫೋಟೋ ಕೆಳಗೆ ಒಂದು ಕಪ್ಪು ಹಲಗೆ, ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಈ ನದಿಯ ಅತಿ ದೊಡ್ಡ ಮೀನಿನ ತೂಕ. ಅಣ್ಣ ಪ್ರತಿ ಭಾನುವಾರ ಬೆಳಿಗ್ಗೆ ಆ ಫೋಟೋ ಕೆಳಗೇ ಕೂತು ಬೂಟು ಹಾಕಿಕೊಳ್ಳಬೇಕಿತ್ತು. ಬೇರೆ ಬೆಂಚು ಇರಲಿಲ್ಲ.

ಅಣ್ಣನದು ತಕ್ಕಡಿ ರಿಪೇರಿಯ ಅಂಗಡಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೀಗದ ಕೈ ಮಾಡಿಕೊಡುವವನಿಗೂ ಹಳೇ ಪೇಪರ್ ಅಂಗಡಿಗೂ ನಡುವೆ ಇದೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ಬಾಗಿಲಲ್ಲೇ ಕಾಯಬೇಕು, ಅಷ್ಟೇ ಜಾಗ. ಒಂದು ಗೋಡೆಯ ತುಂಬ ಹಣ್ಣಿನವರ, ಮೀನಿನವರ ತಕ್ಕಡಿಗಳು ನೇತಾಡುತ್ತವೆ; ಇನ್ನೊಂದು ಗೋಡೆಗೆ ಗಾಜಿನ ಕಪಾಟು, ಅದರೊಳಗೆ ಒಡವೆ ತೂಗುವ ಸಣ್ಣ ತಕ್ಕಡಿಗಳು. ಕಾಲು ಗ್ರಾಂ ಹೆಚ್ಚುಕಮ್ಮಿ ಬಂದರೂ ಅವನು ಬಿಟ್ಟುಕೊಡುವ ಆಸಾಮಿಯಲ್ಲ. "ಒಂಚೂರು ಆಚೀಚೆ ಇದ್ರೇನಂತೆ, ನಮಗೆ ಅರ್ಜೆಂಟು" ಎಂದ ತರಕಾರಿಯವನಿಗೆ ತಕ್ಕಡಿ ಕೊಡದೆ ವಾಪಸ್ ಕಳಿಸಿದ್ದಾನೆ. ಅತ್ತಿಗೆ ಸಾರಿಗೆ ಉಪ್ಪು ಹಾಕುವಾಗ "ಅಂದಾಜು" ಎಂದರೆ ಸಾಕು, ಇವನು ಮುಖ ಸಿಂಡರಿಸುತ್ತಾನೆ. ಕ್ಲಬ್ಬಿನವರು ಅವನ ಹೆಸರೇ ಮರೆತು 'ಗ್ರಾಂ' ಎಂದು ಕರೆಯತೊಡಗಿ ಎಷ್ಟೋ ಕಾಲವಾಗಿದೆ.

ಕ್ಲಬ್ಬು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಊರಾಚೆ ನದಿ ತಿರುವು ತೆಗೆದುಕೊಳ್ಳುವ ಕಡೆ ಒಂದು ತಗಡಿನ ರೂಮು. ಅದರೊಳಗೆ ಒಂದು ಬೆಂಚು, ಒಂದು ಬೀರು, ಒಂದು ರಿಜಿಸ್ಟರು, ಮೊಳೆಗೆ ನೇತುಹಾಕಿದ ಒಂದು ತಕ್ಕಡಿ. ಇಷ್ಟರಲ್ಲೂ ಮೇಲು ಕೀಳು ಬೇರೆ. ನೀರು ಕಲ್ಲಿನ ಮೇಲೆ ಹಾರಿ ಓಡುವ ಮೇಲುಗಡೆ ಟ್ರೌಟ್ ಎಂಬ ಚುರುಕು ಮೀನು ಹಿಡಿಯುವವರು. ಅವರು ಎರೆಯ ಬದಲು ಗರಿಯಿಂದ ಸುಳ್ಳು ನೊಣ ಮಾಡಿ ಎಸೆಯುತ್ತಾರೆ, ಕೂರುವುದಿಲ್ಲ, ನಡೆಯುತ್ತಲೇ ಇರುತ್ತಾರೆ. ಕೆಳಗಿನ ಆಳದ ಮಡುವಿನಲ್ಲಿ ಗೆಂಡೆ ಹಿಡಿಯುವವರು. ಇವರು ಕೂತಲ್ಲೇ ಬೇರು ಬಿಡುತ್ತಾರೆ. ಕ್ಲಬ್ಬಿನ ಸೆಕ್ರೆಟರಿ ಔಷಧದಂಗಡಿ ನಡೆಸಿ ನಿವೃತ್ತರಾದವರು, ಟ್ರೌಟ್‌ನವರು.

"ಟ್ರೌಟ್ ಅಂದ್ರೆ ರೇಸಿನ ಕುದುರೆ. ನೀವು ಹಿಡಿಯೋದು ಹಂದಿ ಕಣ್ರೀ, ಕೆಸರಲ್ಲಿ ಮೂತಿ ಇಡೋದು" ಎಂದು ಅಣ್ಣನನ್ನು ಕಿಚಾಯಿಸುತ್ತಿದ್ದರು.

"ನಿಮ್ಮ ಕುದುರೆ ಗರಿ ನೋಡಿ ಮೋಸ ಹೋಗುತ್ತೆ ಸಾರ್. ನನ್ನ ಹಂದಿ ಹೋಗಲ್ಲ" ಎನ್ನುತ್ತಿದ್ದ ಅಣ್ಣ.

ಅದು ನಿಜವೇ. ಗೆಂಡೆಯಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಎರೆಯನ್ನು ಬಾಯೊಳಗೆ ಎಳೆದುಕೊಂಡು, ರುಚಿ ನೋಡಿ, ಕೊಕ್ಕೆ ತಾಕಿತೋ ಥೂ ಎಂದು ಉಗಿದು ಹೋಗುತ್ತದೆ. ನೀರಿನ ಮೇಲೆ ಬೆಂಡು ಅಲುಗಿದ್ದು ನಿಮಗೆ ಕಾಣುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೀಗೆ ಉಗಿಸಿಕೊಳ್ಳುವುದಕ್ಕೆಂದೇ ಅಣ್ಣ ಪ್ರತಿ ಶನಿವಾರ ಸಂಜೆ ಅಡುಗೆಮನೆ ಆಕ್ರಮಿಸಿ, ಜೋಳ ಬೇಯಿಸಿ, ಹಿಟ್ಟನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಉಂಡೆ ಕಟ್ಟುತ್ತಿದ್ದ. "ನನಗೆ ಇಷ್ಟು ವರ್ಷದಲ್ಲಿ ಒಂದು ದಿನ ಹಿಟ್ಟು ಕಲೆಸಿಕೊಟ್ಟವರಲ್ಲ" ಎಂದು ಅತ್ತಿಗೆ ಗೊಣಗುತ್ತಿದ್ದರು. ನದಿಯನ್ನು ಅವರು 'ನನ್ನ ಸವತಿ' ಎಂದೇ ಕರೆಯುವುದು.

ನಮ್ಮನೆಯವರ ಮೀನು ಹಲಗೆ ಮೇಲೆ ಏರಿದ ಮರುತಿಂಗಳೇ ಅಣ್ಣ ಹಟ ಹಿಡಿದು ಕ್ಲಬ್ಬಿಗೆ ನಿಯಮ ಬರೆಸಿದ. ಅದಕ್ಕೆ ಮೊದಲು ಒಬ್ಬೊಬ್ಬರು ಒಂದೊಂದು ತಕ್ಕಡಿ ತಂದು ಬಾಯಿಗೆ ಬಂದ ತೂಕ ಹೇಳುತ್ತಿದ್ದರು. ಇನ್ನು ಮೇಲೆ ಕ್ಲಬ್ಬಿನ ತಕ್ಕಡಿಯಲ್ಲಿ ತೂಗಿದ್ದು ಮಾತ್ರ ಲೆಕ್ಕ. ಒದ್ದೆ ಬಲೆಯಲ್ಲಿಟ್ಟು ತೂಗಿ, ಆಮೇಲೆ ಬಲೆಯ ತೂಕ ಕಳೆಯಬೇಕು. ಇಬ್ಬರು ಸದಸ್ಯರು ರುಜು ಹಾಕಬೇಕು. ಮೀನನ್ನು ಜೀವಸಹಿತ ನದಿಗೆ ಬಿಡಬೇಕು. ಅಣ್ಣ ತನ್ನ ಗುಂಡು ಅಕ್ಷರದಲ್ಲಿ ಬರೆದು ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿದ.

ಬಲೆಯ ತೂಕ ಕಳೆಯಬೇಕು ಎಂಬ ಸಾಲನ್ನು ನಾನು ಎರಡೆರಡು ಸಲ ಓದಿದ್ದೆ. ಯಾಕೆಂದು ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ನಮ್ಮನೆಯವರು ಆ ಮೀನು ಹಿಡಿದ ದಿನ ಅಣ್ಣ ಊರಲ್ಲಿರಲಿಲ್ಲ. ತಕ್ಕಡಿಗಳಿಗೆ ಸರ್ಕಾರಿ ಮುದ್ರೆ ಹಾಕಿಸಲು ಪಕ್ಕದೂರಿನ ಭಾನುವಾರದ ಕ್ಯಾಂಪಿಗೆ ಹೋಗಿದ್ದ. ನಮಗೆ ಮದುವೆಯಾಗಿ ನಾಲ್ಕು ತಿಂಗಳು. ಹೊಸ ಹೆಂಡತಿಯ ಮುಂದೆ ಏನಾದರೊಂದು ಮಾಡಿ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ಇವರು ಅಣ್ಣನ ಸಾಮಾನನ್ನೆಲ್ಲ ಎತ್ತಿಕೊಂಡು ಬಂದಿದ್ದರು. ಮೀನು ಬಂತು. ಅದನ್ನು ಅಣ್ಣನದೇ ಒಂದು ಗೋಣಿಚೀಲಕ್ಕೆ ಹಾಕಿ, ಚೀಲದ ಸಮೇತ ತಕ್ಕಡಿಗೆ ತೂಗುಹಾಕಿದರು. ಸೆಕ್ರೆಟರಿ ಕನ್ನಡಕ ಮರೆತು ಬಂದಿದ್ದರು. ಮುಳ್ಳು ನಿಂತಲ್ಲಿ ನೋಡಿ ಹೇಳಿದವಳು ನಾನು, ರಿಜಿಸ್ಟರಿನಲ್ಲಿ ಬರೆದವಳೂ ನಾನು. ನಾನು ಸ್ಕೂಲಿನ ಮೇಡಂ, ಮಕ್ಕಳಿಗೆ ಗಣಿತ ಹೇಳಿಕೊಡುವವಳು. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಮನೆಗೆ ಬರುವಾಗ ಆ ಖಾಲಿ ಚೀಲ ಸ್ಕೂಟರಿನಲ್ಲಿ ನನ್ನ ತೊಡೆಯ ಮೇಲಿತ್ತು. ನೀರು ಕುಡಿದು ಭಾರವಾಗಿತ್ತು, ಸೀರೆಯೆಲ್ಲ ತೊಯ್ದುಹೋಯಿತು. ಆಗ ಹೊಳೆಯಿತು ನನಗೆ, ಈ ಭಾರವೂ ಆ ಮೀನಿನ ಲೆಕ್ಕಕ್ಕೆ ಸೇರಿಹೋಗಿದೆಯಲ್ಲ ಎಂದು. ಮುಂದೆ ಕೂತವರು ದಾರಿಯುದ್ದಕ್ಕೂ ಹಾಡು ಹೇಳುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಇವರು ಚೀಲವನ್ನು ಅಣ್ಣನಿಗೆ ಕೊಟ್ಟು ಬಂದರು, ಮೂರನೆಯ ದಿನ ಫೋಟೋಗೆ ಕಟ್ಟು ಹಾಕಿಸಿದರು. ಆಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಲ್ಲಿಂದ ಅಣ್ಣ ಆ ಅಂಕೆಯ ಬೆನ್ನು ಹತ್ತಿದ. ಹದಿನಾಲ್ಕು ವರ್ಷದ ಹಿಂದೆ ಒಂದು ಹಿಡಿದ: ಬಲೆ ಕಳೆದು ಹತ್ತು ಕಿಲೋ ಒಂಬೈನೂರ ಎಂಬತ್ತು. ಹನ್ನೊಂದು ವರ್ಷದ ಹಿಂದೆ ಇನ್ನೊಂದು: ಹನ್ನೊಂದು ಕಿಲೋ ನೂರ ಐವತ್ತು. ಅವತ್ತು ಅವನು ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಜಗಲಿಯ ಮೇಲೆ ಕೂತ ರೀತಿ ನೋಡಿ, ಯಾರೋ ಹೋಗಿಬಿಟ್ಟರು ಎಂದು ಅತ್ತಿಗೆ ಹೆದರಿದ್ದರು. ಇನ್ನೂರ ಐವತ್ತು ಗ್ರಾಂ! ಒಂದು ಹಿಡಿ ಜೋಳ ಹೆಚ್ಚು ತಿಂದಿದ್ದರೆ ಆಗುತ್ತಿತ್ತಲ್ಲ ಎಂದು ವಾರವೆಲ್ಲ ಒದ್ದಾಡಿದ. ನಡುವೆ ಒಂದು ದೊಡ್ಡದು ನೂಲು ಕಡಿದುಕೊಂಡು ಹೋಯಿತು, ಇನ್ನೊಂದು ಬೇರುಗಳ ಸಂದಿಗೆ ನುಗ್ಗಿ ಕೊಕ್ಕೆಯನ್ನೇ ನೆಟ್ಟಗೆ ಮಾಡಿಟ್ಟು ಹೋಯಿತು. ನನಗೆ ಪ್ರತಿ ಭಾನುವಾರವೂ ಸಂಕಟ. ಅವನು ಹಿಡಿಯಲಿ, ಹಿಡಿದು ಈ ಪೀಡೆ ತೊಲಗಲಿ ಎಂದು ನಾನು ಬೇಡಿಕೊಂಡಷ್ಟು ಅವನೂ ಬೇಡಿಕೊಂಡಿರಲಾರ. ಅವನು ಮೀರಿಸಿಬಿಟ್ಟರೆ ನಾನು ಬಾಯಿ ಬಿಡುವ ಅಗತ್ಯವೇ ಇರುತ್ತಿರಲಿಲ್ಲ.

ಈ ವರ್ಷ ಅದಕ್ಕೂ ಕಲ್ಲು ಬಿತ್ತು. ನದಿಗೆ ಹೊಸ ಸೇತುವೆ ಬರುತ್ತದೆ, ಅದರ ಕಂಬ ಸರಿಯಾಗಿ ಅಣ್ಣನ ಮಡುವಿನಲ್ಲೇ ನಿಲ್ಲುತ್ತದೆ ಎಂದು ನೋಟಿಸು ಬಂತು. ತಿಂಗಳ ಕೊನೆಗೆ ದಡ ಮುಚ್ಚುತ್ತಾರೆ, ತಗಡಿನ ರೂಮನ್ನೂ ಕೀಳುತ್ತಾರೆ. ಉಳಿದಿದ್ದು ಒಂದೇ ಭಾನುವಾರ.

ಆ ಭಾನುವಾರ ಅಣ್ಣನಿಗೆ ಊಟದ ಡಬ್ಬಿ ಒಯ್ದವಳು ನಾನು. "ಕೊನೇ ದಿನ ಸವತಿ ಮುಖ ನೋಡೋಕೆ ನಂಗಿಷ್ಟ ಇಲ್ಲ, ನೀನೇ ಹೋಗಮ್ಮ" ಎಂದು ಅತ್ತಿಗೆ ಡಬ್ಬಿಯನ್ನು ನನ್ನ ಕೈಗೆ ತುರುಕಿದ್ದರು. ನಾನು ಹೋದಾಗ ಹನ್ನೊಂದು ಗಂಟೆ. ದಡದಲ್ಲಿ ಮೂರೇ ಜನ. ಕಲ್ಲಿನ ಮೇಲೆ ಅಣ್ಣ, ಸ್ವಲ್ಪ ದೂರದಲ್ಲಿ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದ ಕ್ಲಬ್ಬಿನ ಇನ್ನೊಬ್ಬ ಸದಸ್ಯ ಪೋಸ್ಟ್‌ಮ್ಯಾನ್, ರೂಮಿನ ಬಾಗಿಲಲ್ಲಿ ಸಾಮಾನು ಪಟ್ಟಿ ಮಾಡುತ್ತಿದ್ದ ಸೆಕ್ರೆಟರಿ.

"ಏನಾದ್ರೂ?" ಎಂದೆ.

"ಎಂಟು ಸಲ ಉಗಿದಿದೆ" ಎಂದ ಅಣ್ಣ, ಬೆಂಡಿನಿಂದ ಕಣ್ಣು ತೆಗೆಯದೆ. "ಡಬ್ಬಿ ಅಲ್ಲಿಡು. ನೆರಳು ನೀರಿಗೆ ಬೀಳ್ತಿದೆ, ಆಚೆ ನಿಲ್ಲು ಪುಟ್ಟಿ."

ನನಗೆ ನಲವತ್ತೆರಡು. ಇವತ್ತಿಗೂ ನಾನು ಪುಟ್ಟಿ, ಇವತ್ತಿಗೂ ನನ್ನ ನೆರಳಿನಿಂದಲೇ ಅವನ ಮೀನು ಓಡಿಹೋಗುವುದು. ಸಿಟ್ಟು ಬಂದು ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೆಂಡು ಇರಲಿಲ್ಲ.

ಅಲುಗಲಿಲ್ಲ, ವಾಲಲಿಲ್ಲ, ಸುಮ್ಮನೆ ಮಾಯವಾಯಿತು. ರೀಲು ಕಿರ್ರೆಂದು ಕಿರುಚಿತು. ಕೋಲಿನ ತುದಿ ಬಾಗಿ ನೀರು ಮುಟ್ಟಿತು. ಅಣ್ಣ ಎದ್ದು ನಿಂತ. ಮೀನು ಮಡುವಿನ ಆಚೆ ದಡದವರೆಗೆ ಹೋಯಿತು, ಅಲ್ಲಿ ತಳ ಕಚ್ಚಿ ಕೂತಿತು, ಮತ್ತೆ ಹೊರಟಿತು. ಅಣ್ಣ ನೂಲು ಬಿಟ್ಟ, ಸುತ್ತಿದ, ಬಿಟ್ಟ, ಸುತ್ತಿದ. ಬೇರುಗಳ ಕಡೆ ಅದು ನುಗ್ಗಿದಾಗ ಕೋಲನ್ನು ಅಡ್ಡ ಹಿಡಿದು, "ಬೇಡ, ಆ ಕಡೆ ಬೇಡ, ದಮ್ಮಯ್ಯ" ಎಂದು ಮೀನಿಗೆ ಕೈ ಮುಗಿಯುವುದೊಂದು ಬಾಕಿ. ನಲವತ್ತು ನಿಮಿಷ. ಕೊನೆಗೆ ಪೋಸ್ಟ್‌ಮ್ಯಾನ್ ಸೊಂಟದವರೆಗೆ ನೀರಿಗಿಳಿದು ದೊಡ್ಡ ಕೈಬಲೆಯನ್ನು ಅದರ ಕೆಳಗೆ ಹಾಕಿ ಎತ್ತಲು ಹೋದ. ಎತ್ತಲಾಗಲಿಲ್ಲ.

"ಅಯ್ಯಪ್ಪಾ! ಗ್ರಾಂ, ಇದು ಮೀನಲ್ಲ, ಎಮ್ಮೆ ಕರು!"

ನೀರೊಳಗೇ ಬಲೆ ಹಿಡಿದು ನೋಡಿದೆವು. ತಾಮ್ರದ ಹಂಡೆಯ ಬಣ್ಣ. ಒಂದೊಂದು ಹುರುಪೆಯೂ ನನ್ನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದು. ಸೆಕ್ರೆಟರಿ ಪಟ್ಟಿ ಬಿಸಾಕಿ ಓಡಿಬಂದರು, ಹಂದಿ ಕುದುರೆ ಎಲ್ಲ ಮರೆತರು.

"ಹನ್ನೆರಡಕ್ಕೆ ಮೋಸ ಇಲ್ಲ. ಹನ್ನೆರಡೂವರೆ ಇದ್ದರೂ ಇರಬಹುದು" ಎಂದರು.

ಅಣ್ಣ ನಗುತ್ತಿದ್ದ. ಅವನು ಹಾಗೆ ನಕ್ಕಿದ್ದನ್ನು ನೋಡಿ ವರ್ಷಗಳಾಗಿತ್ತು. ನನಗೆ ಅಳು ಬಂತು. ನನ್ನ ಪಾಪವೂ ಇವತ್ತು ಇದೇ ನೀರಿನಲ್ಲಿ ತೊಳೆದುಹೋಯಿತು ಎಂದುಕೊಂಡೆ.

"ಸಾರ್, ತಕ್ಕಡಿ ತನ್ನಿ" ಎಂದ ಪೋಸ್ಟ್‌ಮ್ಯಾನ್.

ಸೆಕ್ರೆಟರಿ ರೂಮಿಗೆ ಹೋದವರು ಬರಿಗೈಯಲ್ಲಿ ಬಾಗಿಲಿಗೆ ಬಂದರು. "ಮೊಳೆ ಮೇಲೆ ಇಲ್ಲವಲ್ರೀ. ಯಾರು ತಗೊಂಡ್ರು?"

ನಾನು ಅಣ್ಣನನ್ನು ನೋಡಿದೆ. ಅವನ ನಗು ನಿಂತಿತ್ತು.

"ಅಂಗಡೀಲಿದೆ" ಎಂದ.

ಏಳು ವಾರದ ಹಿಂದೆ, ಮುಳ್ಳು ಸ್ವಲ್ಪ ನಡುಗುತ್ತಿದೆ, ಕೊನೆಯ ಸೀಸನ್ನಿಗೆ ಸರಿಯಾಗಿರಲಿ ಎಂದು ಇವನೇ ಅದನ್ನು ಬಿಚ್ಚಿಕೊಂಡು ಹೋಗಿದ್ದ. ಕ್ಲಬ್ಬಿನ ಕೆಲಸ ತಾನೆ, ಮಾಡಿದರಾಯಿತು ಎಂದು ಹಣ್ಣಿನವರದು, ಕೋಳಿಯವರದು, ಗುಜರಿಯವರದು ಎಲ್ಲ ಮುಗಿಸುತ್ತ ಕೂತ. ಅಷ್ಟು ದಿನ ತೂಗುವಂಥ ಮೀನು ಯಾರಿಗೂ ಸಿಗದ್ದರಿಂದ ಯಾರೂ ಕೇಳಲೂ ಇಲ್ಲ. ಊರಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ ತನ್ನ ಮೀನನ್ನು ತೂಗಬೇಕಾದ ಒಂದೇ ಒಂದು ತಕ್ಕಡಿಯನ್ನು ಬಿಚ್ಚಿ ತಟ್ಟೆಯಲ್ಲಿ ಹರಡಿಟ್ಟು ಬಂದಿದ್ದ!

"ನಿನ್ನ ತಲೆಗಿಷ್ಟು!" ಎಂದು ಕಿರುಚಿದೆ ನಾನು. "ಅಂಗಡೀಲಿ ಬೇರೆ ತಕ್ಕಡಿ ಇಪ್ಪತ್ತಿವೆ, ಒಂದು ತರ್ತೀನಿ."

"ಕ್ಲಬ್ಬಿನ ತಕ್ಕಡೀಲಿ ತೂಗಿದ್ದು ಮಾತ್ರ ಲೆಕ್ಕ."

"ಇರ್ಲಿ ಬಿಡ್ರೀ ಗ್ರಾಂ, ನಾನೇ ಸೆಕ್ರೆಟರಿ, ನಾನು ಒಪ್ತೀನಿ" ಎಂದರು ಸೆಕ್ರೆಟರಿ.

"ನೀವು ಒಪ್ಪಬಹುದು ಸಾರ್. ಬರೆದಿದ್ದು ನಾನು" ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ಕಿಟಕಿ ಪಕ್ಕ ಸ್ಟೀಲ್ ತಟ್ಟೆ ಇದೆ. ಅದರಲ್ಲಿರೋದನ್ನೆಲ್ಲ ಹಾಗೇ ತಗೊಂಡು ಬಾ. ಸ್ಕ್ರೂಡ್ರೈವರು, ಇಕ್ಕಳ ಕೂಡ. ತಗೋ ಬೀಗದ ಕೈ. ಬೇಗ ಹೋಗು ಪುಟ್ಟಿ, ಓಡು!"

ನಾನು ಸ್ಕೂಟರ್ ಓಡಿಸಿದ್ದನ್ನು ನಮ್ಮನೆಯವರು ನೋಡಿದ್ದರೆ ನನ್ನ ಲೈಸೆನ್ಸು ಹರಿದುಹಾಕುತ್ತಿದ್ದರು. ಓಣಿಯಲ್ಲಿ ಭಾನುವಾರದ ಹಳೇ ಪೇಪರ್ ಗಾಡಿ ಅಡ್ಡ ನಿಂತಿತ್ತು. ಅದರವನಿಗೆ ಬಾಯಿಗೆ ಬಂದಂತೆ ಬೈದೆ. ಷಟರ್ ಬೀಗ ಮೂರು ಸಲ ತಿರುಗಿಸಿದರೂ ತೆರೆಯಲಿಲ್ಲ, ನಾಲ್ಕನೆಯ ಸಲ ತೆರೆಯಿತು. ತಟ್ಟೆ ಸಿಕ್ಕಿತು. ಅದಕ್ಕೆ ಒಂದು ಪೇಪರ್ ಸುತ್ತಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟು, ಎರಡು ಪಾದಗಳ ನಡುವೆ ಒತ್ತಿ ಹಿಡಿದುಕೊಂಡು ಬಂದೆ. ಹೋಗಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು.

ಪೋಸ್ಟ್‌ಮ್ಯಾನ್ ಇನ್ನೂ ನೀರಲ್ಲೇ ನಿಂತು ಬಲೆ ಹಿಡಿದಿದ್ದ. ಅವನ ತುಟಿ ನೀಲಿಗಟ್ಟಿತ್ತು. ಅಣ್ಣ ಕಲ್ಲಿನ ಮೇಲೆ ಟವೆಲ್ ಹಾಸಿ ಕಾಯುತ್ತಿದ್ದ. ತಟ್ಟೆ ಕಸಿದುಕೊಂಡು ಶುರು ಮಾಡಿದ. ಸ್ಪ್ರಿಂಗು ಕೂರಿಸಿದ, ಹಲ್ಲುಪಟ್ಟಿ ಕೂರಿಸಿದ, ಚಕ್ರ ಕೂರಿಸಿದ. ಆಮೇಲೆ ಅವನ ಬೆರಳುಗಳು ತಟ್ಟೆಯಲ್ಲಿ ತಡಕಾಡತೊಡಗಿದವು. ಪೇಪರ್ ಕೊಡವಿದ. ಟವೆಲ್ ಕೊಡವಿದ.

"ಕೀಲೆಲ್ಲಿ?"

"ಯಾವ ಕೀಲು?"

"ಸಣ್ಣದು, ಬೆಂಕಿಕಡ್ಡಿ ತುದಿಯಷ್ಟು. ಮುಳ್ಳಿಗೆ ಹಾಕೋದು. ಹದಿನಾಲ್ಕು ಭಾಗ ಇತ್ತು, ಹದಿಮೂರಿದೆ."

ನಾನು ರಸ್ತೆಯ ಕಡೆ ನೋಡಿದೆ. ಎಷ್ಟು ಹಳ್ಳ, ಎಷ್ಟು ಉಬ್ಬು! ನನ್ನ ಕಾಲ ಸಂದಿಯಿಂದ ಅದು ಎಲ್ಲಿ ಹಾರಿತೋ ಯಾರಿಗೆ ಗೊತ್ತು? ನನ್ನನ್ನು ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಡಬ್ಬದಿಂದ ಒಂದು ಗಾಳದ ಕೊಕ್ಕೆ ತೆಗೆದು, ಇಕ್ಕಳದಲ್ಲಿ ಅದರ ತುದಿ ಮುರಿದು, ನೆಟ್ಟಗೆ ಮಾಡಿ, ಕೀಲಿನ ಜಾಗಕ್ಕೆ ತೂರಿಸಲು ನೋಡಿದ. ಕೂದಲೆಳೆಯಷ್ಟು ದಪ್ಪ ಹೆಚ್ಚಾಯಿತು. ಕಲ್ಲಿಗೆ ಉಜ್ಜತೊಡಗಿದ. ಅವನ ಕೈ ಒದ್ದೆಯಾಗಿತ್ತು. ಎರಡು ಸಲ ಹುಲ್ಲಿಗೆ ಬೀಳಿಸಿದ, ಎರಡು ಸಲವೂ ನಾವು ಮೊಣಕಾಲೂರಿ ಹುಡುಕಿದೆವು.

"ಗ್ರಾಂ" ಎಂದು ಕರೆದ ಪೋಸ್ಟ್‌ಮ್ಯಾನ್. "ಇದು ವಾಲ್ತಾ ಇದೆ."

ಬಲೆಯೊಳಗೆ ಮೀನು ಒಂದು ಪಕ್ಕಕ್ಕೆ ಮಲಗಿತ್ತು. ಬಿಳಿ ಹೊಟ್ಟೆ ಅರ್ಧ ಕಾಣುತ್ತಿತ್ತು. ಕಿವಿರು ತೆರೆದು ಮುಚ್ಚುವುದು ನಿಧಾನವಾಗಿತ್ತು.

"ಎಷ್ಟು ಹೊತ್ತು ಬೇಕು?" ಎಂದರು ಸೆಕ್ರೆಟರಿ.

"ಐದು ನಿಮಿಷ."

"ಐದೇ ನಿಮಿಷ ತಾನೆ? ಮುಗಿಸಿಬಿಡಿ. ಒಂದು ಗೆಂಡೆ ಹೋದ್ರೆ ನದಿಯೇನೂ ಬತ್ತಲ್ಲ. ಹತ್ತೊಂಬತ್ತು ವರ್ಷ ಕಣ್ರೀ!"

ಅಣ್ಣ ಇನ್ನೊಂದು ಸಲ ಉಜ್ಜಿದ. ಒಮ್ಮೆ ಮೀನಿನ ಕಡೆ ನೋಡಿದ. ಕೈಯಲ್ಲಿದ್ದ ತಕ್ಕಡಿ ನೋಡಿದ. ಆಮೇಲೆ ಇಕ್ಕಳವನ್ನು ಎಷ್ಟು ಜೋರಾಗಿ ಕಲ್ಲಿಗೆ ಅಪ್ಪಳಿಸಿದನೆಂದರೆ ಅದು ಎಗರಿ ನೀರಿಗೆ ಬಿತ್ತು. ಬೂಟಿನಲ್ಲೇ ನದಿಗಿಳಿದ. ಬಲೆ ಸರಿಸಿ, ಒಂದು ಕೈಯನ್ನು ಮೀನಿನ ಹೊಟ್ಟೆಯ ಕೆಳಗೆ, ಇನ್ನೊಂದನ್ನು ಬಾಲದ ಬುಡಕ್ಕೆ ಕೊಟ್ಟು, ಹರಿವಿಗೆ ಎದುರಾಗಿ ಅದರ ಮೂತಿ ಹಿಡಿದು ನಿಂತ. ಅದರ ಬಾಯೊಳಗೆ ನೀರು ಹೋಗಲೆಂದು ಹಾಗೇ ನಿಂತಿದ್ದ. ನಿಂತಷ್ಟು ಹೊತ್ತೂ ಬೈಯುತ್ತಿದ್ದ. "ದರಿದ್ರದ್ದು. ಹೋದ ವಾರ ಬರೋಕೇನಾಗಿತ್ತು ನಿಂಗೆ? ಏಳು ವಾರದ ಹಿಂದೆ ಬರೋಕೇನಾಗಿತ್ತು? ಉಸಿರಾಡು, ಹಾಳಾದ್ದೇ, ಉಸಿರಾಡು." ಕಾಲುಗಂಟೆಯಾದ ಮೇಲೆ ಬಾಲ ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ಅಣ್ಣ ಕೈ ತೆರೆದ. ಅದು ಅವಸರವೇನೂ ಇಲ್ಲದೆ ಆಳಕ್ಕೆ ಇಳಿದು ಹೋಯಿತು.

ಪೋಸ್ಟ್‌ಮ್ಯಾನ್ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದನಂತೆ. ಅದರಲ್ಲಿ ಅವನ ಹೆಬ್ಬೆರಳು ಚೆನ್ನಾಗಿ ಬಂದಿದೆ.

ಊಟದ ಡಬ್ಬಿ ತೆರೆಯದೆಯೇ ವಾಪಸ್ ಬಂತು. ಸಂಜೆ ನಮ್ಮ ಮನೆಯ ಮುಂದೆ ಸ್ಕೂಟರ್ ತೊಳೆಯಲು ರಬ್ಬರ್ ಮ್ಯಾಟ್ ಎತ್ತಿದೆ. ಅದರ ಗೆರೆಯ ಸಂದಿಯಲ್ಲಿ ಕೀಲು ಇತ್ತು. ಬೆಂಕಿಕಡ್ಡಿ ತುದಿಯಷ್ಟು. ಇಡೀ ಹೊತ್ತು ಅಲ್ಲೇ, ಅಣ್ಣನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಮ್ಯಾಟ್ ಹಿಡಿದುಕೊಂಡು ಅಲ್ಲೇ ಕೂತು ಅತ್ತೆ. ಆಮೇಲೆ ಕೀಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದೆ.

ಅಣ್ಣ ಅಲ್ಲೇ ಇದ್ದ, ಅದೇ ತಟ್ಟೆಯ ಮುಂದೆ. ಕೀಲು ಕೊಟ್ಟೆ. ಎಲ್ಲಿತ್ತು ಎಂದು ಕೂಡ ಕೇಳದೆ ತೆಗೆದುಕೊಂಡು, ಎಣ್ಣೆ ಹಚ್ಚಿ, ಕೂರಿಸತೊಡಗಿದ. ಒಂದೇ ಒಂದು ನಿಮಿಷ ಹಿಡಿಯಿತು. ಅದನ್ನು ನೋಡುತ್ತ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಅಣ್ಣ, ನಾನೊಂದು ವಿಷಯ ಹೇಳ್ಬೇಕು. ಅವತ್ತು ಇವರ ಮೀನು ತೂಗಿದಾಗ ಗೋಣಿಚೀಲ ಕಳೀಲಿಲ್ಲ. ಚೀಲದ ಸಮೇತ ಬರೆದುಬಿಟ್ಟೆ. ಆಮೇಲೆ ಗೊತ್ತಾಯ್ತು. ಹೇಳೋಕಾಗ್ಲಿಲ್ಲ."

ಅವನು ತಲೆ ಎತ್ತಲಿಲ್ಲ. ತಕ್ಕಡಿಯ ಮುಖಕ್ಕೆ ಗಾಜು ಕೂರಿಸುತ್ತಿದ್ದ.

"ಎಂಟುನೂರ ಅರವತ್ತು ಗ್ರಾಂ" ಎಂದ.

"ಏನು?"

"ಆ ಚೀಲ. ಮಾರನೇ ದಿನ ಭಾವ ತಂದುಕೊಟ್ರಲ್ಲ, ಇದರಲ್ಲೇ ಹಾಕಿ ತೂಗಿದ್ವಿ ಅಂದ್ರು. ನೀರಲ್ಲಿ ನೆನೆಸಿ ತೂಗಿದ್ದೆ."

ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುವವಳಿಗೆ ಆ ಲೆಕ್ಕ ಮಾಡಲು ಸುಮಾರು ಹೊತ್ತು ಬೇಕಾಯಿತು. ಹನ್ನೊಂದು ಸಾವಿರದ ನಾನೂರರಲ್ಲಿ ಎಂಟುನೂರ ಅರವತ್ತು ಹೋದರೆ ಹತ್ತು ಸಾವಿರದ ಐನೂರ ನಲವತ್ತು. ಅಣ್ಣನ ಮೀನು ಹತ್ತು ಸಾವಿರದ ಒಂಬೈನೂರ ಎಂಬತ್ತು. ಆಮೇಲಿನದು ಹನ್ನೊಂದು ಸಾವಿರದ ನೂರ ಐವತ್ತು. ಹದಿನಾಲ್ಕು ವರ್ಷದ ಹಿಂದೆಯೇ ಅವನು ಗೆದ್ದಿದ್ದ. ಹನ್ನೊಂದು ವರ್ಷದ ಹಿಂದೆ ಇನ್ನೊಂದು ಸಲ ಗೆದ್ದಿದ್ದ. ಎರಡು ಸಲವೂ ಸೋತವನ ಹಾಗೆ ಮನೆಗೆ ಬಂದು ಕೂತಿದ್ದ.

"ಗೊತ್ತಿದ್ದೂ ಯಾಕೋ ಹೇಳಲಿಲ್ಲ?" ಎಂದೆ. "ನಿಂಗೇನು ತಲೆ ಕೆಟ್ಟಿತ್ತಾ?"

"ಮದುವೆಯಾಗಿ ನಾಲ್ಕು ತಿಂಗಳಾಗಿತ್ತು ನಿಂಗೆ. ಭಾವ ಊರೆಲ್ಲ ಹೇಳ್ಕೊಂಡು ಬಂದಿದ್ರು. ರಿಜಿಸ್ಟರಲ್ಲಿ ನೋಡಿದ್ರೆ ನಿನ್ನ ಅಕ್ಷರ." ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. "ಅದಕ್ಕಿಂತ ದೊಡ್ಡದೊಂದು ಹಿಡಿದುಬಿಟ್ರೆ ಯಾರಿಗೂ ಏನೂ ಹೇಳೋ ಹಾಗೇ ಇರ್ಲಿಲ್ಲ. ಹಿಡೀತೀನಿ ಅಂದ್ಕೊಂಡೆ."

ತಕ್ಕಡಿಯನ್ನು ತೊಲೆಯ ಕೊಕ್ಕೆಗೆ ಹಾಕಿ, ಹತ್ತು ಕಿಲೋ ಬಟ್ಟು ತೂಗುಹಾಕಿದ. ಮುಳ್ಳು ನಡುಗದೆ ಹತ್ತರ ಮೇಲೆ ನಿಂತಿತು. "ಸರಿಯಾಯ್ತು" ಎಂದು ದೀಪ ಆರಿಸಿದ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕೊಡುವಾಗ ನಮ್ಮನೆಯವರಿಗೆ ಎಲ್ಲವನ್ನೂ ಹೇಳಿದೆ. "ಅಂದ್ರೆ ಇಷ್ಟು ವರ್ಷ ನಾನು ಗೋಣಿಚೀಲಾನೂ ಸೇರಿಸಿ ಹಿಡಿದಿದ್ದೆ ಅನ್ನು" ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಕಾಫಿ ಮುಗಿಸಿ, ಕುರ್ಚಿ ಎಳೆದುಕೊಂಡು ಹತ್ತಿ, ಹಾಲ್‌ನ ಫೋಟೋವನ್ನು ತಾವೇ ಇಳಿಸಿದರು. "ನಿಮ್ಮಣ್ಣ ಬಾಯಿ ಬಿಡಲಿಲ್ಲ ನೋಡು" ಎಂದಷ್ಟೇ ಹೇಳಿ ಕ್ಲಾಸಿಗೆ ಹೋದರು.

ನಾನು ನದಿಗೆ ಹೋದೆ. ರೂಮಿನ ತಗಡು ಬಿಚ್ಚುತ್ತಿದ್ದರು. ಸೆಕ್ರೆಟರಿಯಿಂದ ರಿಜಿಸ್ಟರ್ ಕೇಳಿ ತೆಗೆದುಕೊಂಡು, ಹತ್ತೊಂಬತ್ತು ವರ್ಷದ ಹಿಂದಿನ ನನ್ನ ಅಕ್ಷರದ ಕೆಳಗೆ ಬರೆದೆ: ಚೀಲದ ತೂಕ ಎಂಟುನೂರ ಅರವತ್ತು ಗ್ರಾಂ, ಕಳೆದಿರಲಿಲ್ಲ, ತಪ್ಪು ನನ್ನದು. ರುಜು ಹಾಕಿದೆ. ಸೆಕ್ರೆಟರಿ ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಂದು ಸಲ ಓದಿದರು. ಆಮೇಲೆ ಹಲಗೆಯ ಮೇಲಿನ ಬಿಳಿ ಬಣ್ಣವನ್ನು ಚಾಕುವಿನಿಂದ ಕೆರೆದು, ಸೀಮೆಸುಣ್ಣದಲ್ಲಿ ಅಣ್ಣನ ಹೆಸರು, ಹನ್ನೊಂದು ಕಿಲೋ ನೂರ ಐವತ್ತು ಎಂದು ಬರೆದರು. ಬರೆದು ಹತ್ತು ನಿಮಿಷಕ್ಕೆ ಕೂಲಿಯವರು ಅದನ್ನು ಎತ್ತಿ ಟೆಂಪೋಗೆ ಹಾಕಿದರು. ಈಗ ಅದು ಸೆಕ್ರೆಟರಿಯ ಮನೆಯ ಹಿಂದಿನ ಷೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ.

ವಿಷಯ ತಿಳಿದು ಅಣ್ಣ ಕೆಂಡವಾದ. "ನಿನ್ನ ಯಾರು ಕೇಳಿದ್ರು ಪುಟ್ಟಿ? ಹತ್ತೊಂಬತ್ತು ವರ್ಷ ನಾನು ಸುಮ್ನಿದ್ದಿದ್ದು ಯಾತಕ್ಕೆ?" ಎಂದು ಕೂಗಾಡಿ, ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟ. ಅತ್ತಿಗೆ ನಡುವೆ ನಿಂತು ಸುದ್ದಿ ಸಾಗಿಸುತ್ತಿದ್ದರು. ಹದಿನಾರನೆಯ ದಿನ ಹಿಟ್ಟು ಮುಗಿದಿದೆ ಎಂದು ನಮ್ಮ ಮನೆಗೆ ಬಂದ.

ಈಗ ಅವನು ಮೇಲಿನ ಊರಿನ ಕಡೆ ಬೇರೆ ಮಡು ಹುಡುಕಿಕೊಂಡಿದ್ದಾನೆ. ಕ್ಲಬ್ಬಿನ ತಕ್ಕಡಿ ಅವನ ಚೀಲದಲ್ಲೇ ಇರುತ್ತದೆ, ಜೊತೆಗೆ ಒಂದು ಪುಟ್ಟ ಡಬ್ಬಿ, ಅದರ ತುಂಬ ಕೀಲುಗಳು. ಕಂಬ ನೆಟ್ಟ ಮಡುವಿನ ಆ ಮೀನಿನ ಸುದ್ದಿ ಊರೆಲ್ಲ ಹಬ್ಬಿದೆ. ಪೋಸ್ಟ್‌ಮ್ಯಾನ್ ಬಾಯಲ್ಲಿ ಅದು ಹದಿಮೂರು ಕಿಲೋ ಆಗಿದೆ, ಸೆಕ್ರೆಟರಿ ಬಾಯಲ್ಲಿ ಹದಿನಾಲ್ಕು. ಅದನ್ನು ಹಿಡಿದವನನ್ನೇ ಕೇಳೋಣ ಎಂದು ಜನ ಅಂಗಡಿಗೆ ಬಂದು, ಎಷ್ಟಿತ್ತು ಗ್ರಾಂ, ಸುಮಾರು ಎಷ್ಟಿತ್ತು ಎಂದು ಕೇಳುತ್ತಾರೆ.

"ಗೊತ್ತಿಲ್ಲ, ತೂಗಿಲ್ಲ" ಎನ್ನುತ್ತಾನೆ ಅಣ್ಣ.